ಮೊದಲೇ ಇದ್ದರೆ ಬರೆಯಬೇಡ

ಸತ್ತವರು ಹೈಕೋರ್ಟಿನ ಸಮನ್ಸನ್ನು ಕೈಯಾರೆ ಪಡೆದುಕೊಂಡ ಊರು ನಮ್ಮ ಮಂಜೇಶ್ವರ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರಿಗೆ 56,870 ಓಟು ಬಿತ್ತು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ವ್ಯತ್ಯಾಸ 89. ಮದುವೆ ಮನೆಯ ಒಂದು ಪಂಕ್ತಿಗೆ ಸಾಲುವಷ್ಟು ಜನ. ಸೋತವರು ಕೋರ್ಟಿಗೆ ಹೋದರು. ಸತ್ತವರು, ಗಲ್ಫಿನಲ್ಲಿರುವವರು ಎಲ್ಲ ಸೇರಿ 259 ಮಂದಿಯ ಹೆಸರಿನಲ್ಲಿ ಕಳ್ಳ ಓಟು ಬಿದ್ದಿದೆ ಎಂಬುದು ದೂರು. ಕೋರ್ಟು ಸಮನ್ಸ್ ಕಳಿಸಿತು. 2017ರಲ್ಲಿ ಅದನ್ನು ಹಿಡಿದುಕೊಂಡು ಹೋದವರಿಗೆ, ದೂರಿನ ಪ್ರಕಾರ ಸತ್ತುಹೋಗಿದ್ದ ಒಬ್ಬರು ಜೀವಂತವಾಗಿ ಸಿಕ್ಕರು, ಕಾಗದವನ್ನೂ ಪಡೆದುಕೊಂಡರು. ತಾನು ಬದುಕಿದ್ದೇನೆ ಎಂಬುದಕ್ಕೆ ಹೈಕೋರ್ಟಿನ ದಾಖಲೆಯೇ ಇರುವ ಮನುಷ್ಯ ಇಡೀ ಕೇರಳದಲ್ಲಿ ಎಷ್ಟು ಮಂದಿ ಇದ್ದಾರು? ಪಿಂಚಣಿಗೆ ವರ್ಷವರ್ಷ ಜೀವಂತ ಪ್ರಮಾಣಪತ್ರ ಕೊಡಲು ಅಕ್ಷಯ ಎಂಬ ಸೇವಾ ಕೇಂದ್ರದ ಎದುರು ಸಾಲು ನಿಲ್ಲುವ ಹಿರಿಯರು ಹೊಟ್ಟೆಕಿಚ್ಚು ಪಡಬೇಕಾದ ಭಾಗ್ಯ ಅದು.

ಕೇಸು ತೀರ್ಮಾನವಾಗುವ ಮೊದಲೇ, 2018ರ ಅಕ್ಟೋಬರಿನಲ್ಲಿ ರಜಾಕ್ ತೀರಿಕೊಂಡರು. 2019ರಲ್ಲಿ ಸುರೇಂದ್ರನ್ ಅರ್ಜಿ ಹಿಂದೆ ತೆಗೆದುಕೊಂಡರು, ಅಕ್ಟೋಬರ್ 21ರಂದು ಉಪಚುನಾವಣೆ ಆಯಿತು. 259ರಲ್ಲಿ ನಿಜ ಎಷ್ಟು, ಸುಳ್ಳೆಷ್ಟು ಎಂಬ ಲೆಕ್ಕ ಕಡತದೊಳಗೇ ಉಳಿಯಿತು. 2016ರ ಆ ಚುನಾವಣೆಯಲ್ಲಿ ಕೆ. ಸುಂದರ ಎಂಬ ಇನ್ನೊಬ್ಬ ಅಭ್ಯರ್ಥಿಗೆ 467 ಓಟು ಬಿದ್ದಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವರ ಹೆಸರು ಅವರದೇ, ಅದರಲ್ಲಿ ಮೋಸ ಇಲ್ಲ. ಆದರೆ ‘ಕೆ. ಸು’ ತನಕ ಓದಿ ಗುಂಡಿ ಒತ್ತುವ ಮತದಾರರೂ ಲೋಕದಲ್ಲಿ ಉಂಟಲ್ಲ.

ನನ್ನ ಸೋದರಳಿಯ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಈ ಪುರಾಣವನ್ನೆಲ್ಲ ಕೇಳಿ ನಕ್ಕುಬಿಟ್ಟ.

“ಮಾವ, ಇದಕ್ಕೆ ಹೈಕೋರ್ಟು ಎಂತಕ್ಕೆ? ಪೈಥಾನಿನಲ್ಲಿ ನಾಲ್ಕು ಗೆರೆ ಬರೆದರೆ ಮುಗಿಯಿತು. ‘ಇಫ್ ನಾಟ್ ಇನ್’. ಮೊದಲೇ ಇದ್ದರೆ ಬರೆಯಬೇಡ, ಇಲ್ಲದಿದ್ದರೆ ಬರೆ.”

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಈ ವಿದ್ಯೆ ಸರಳವಾಗಿಯೇ ಉಂಟು. ಕಡತ ತೆರೆಯಬೇಕು, ಅದರಲ್ಲಿ ಇರುವುದನ್ನೆಲ್ಲ ಮೊದಲು ಓದಬೇಕು, ಓದಿದ್ದನ್ನು ‘ಸೆಟ್’ ಎಂಬುದರಲ್ಲಿ ಇಟ್ಟುಕೊಳ್ಳಬೇಕು. ಸೆಟ್ಟಿನ ಸ್ವಭಾವವೇ ಹಾಗೆ: ಒಂದೇ ವಸ್ತುವನ್ನು ಹತ್ತು ಸಲ ಹಾಕಿದರೂ ಒಂದೇ ಇರುತ್ತದೆ. ಹೊಸ ಹೆಸರು ಬಂದಾಗ ಸೆಟ್ಟನ್ನು ಕೇಳಬೇಕು, ಇವನು ಉಂಟೋ ಎಂದು. ಇಲ್ಲ ಎಂದರೆ ಕಡತಕ್ಕೆ ಬರೆಯಬೇಕು, ಸೆಟ್ಟಿಗೂ ಸೇರಿಸಬೇಕು. ಈ ಕೊನೆಯದನ್ನು ಹೊಸಬರು ಮರೆಯುತ್ತಾರಂತೆ. ನಿನ್ನೆ ತನಕದ ಕಡತವನ್ನು ನೋಡುತ್ತಾರೆ, ಇವತ್ತು ಬೆಳಿಗ್ಗೆ ತಾವೇ ಬರೆದದ್ದನ್ನು ನೋಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಂದ ಐತ್ತಪ್ಪ ಮಧ್ಯಾಹ್ನ ಪುನಃ ಬಂದರೆ ಪುನಃ ಹೊಸಬನೇ. ಇದು ಹೊಸಬರ ತಪ್ಪು ಎಂದು ಅಳಿಯ ಹೇಳಿದ. ಮೂವತ್ತು ವರ್ಷ ಸರ್ವೀಸಾದವರಲ್ಲೂ ನಾನು ಇದನ್ನು ಕಂಡಿದ್ದೇನೆ ಎಂದು ನಾನು ಹೇಳಲಿಲ್ಲ. ಮಕ್ಕಳ ಉತ್ಸಾಹ ಕೆಡಿಸಬಾರದು.

ಕಡತ ತೆರೆಯುವುದರಲ್ಲೂ ಮೂರು ಬಗೆ ಉಂಟು. ‘ಡಬ್ಲ್ಯೂ’ ಎಂದು ತೆರೆದರೆ ಒಂದಕ್ಷರ ಬರೆಯುವ ಮೊದಲೇ ಹಳೆಯದೆಲ್ಲ ಅಳಿಸಿಹೋಗುತ್ತದೆ. ‘ಎ’ ಎಂದು ತೆರೆದರೆ ಹಳೆಯದು ಇದ್ದ ಹಾಗೇ ಇದ್ದು, ಹೊಸದು ಬಾಲಕ್ಕೆ ಸೇರುತ್ತದೆ. ಎಷ್ಟು ಸಲ ಓಡಿಸಿದರೂ ಸೇರುತ್ತಲೇ ಇರುತ್ತದೆ. ‘ಎಕ್ಸ್’ ಎಂದು ತೆರೆದರೆ, ಆ ಹೆಸರಿನ ಕಡತ ಮೊದಲೇ ಇದ್ದಲ್ಲಿ, ಆಗುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಪೈಥಾನಿನ ಒಂದಕ್ಷರವೂ ಕಲಿಯದೆ ನಮ್ಮ ಸರಕಾರಿ ಆಫೀಸುಗಳು ಈ ಮೂರನ್ನೂ ರೂಢಿಸಿಕೊಂಡಿವೆ. ಮತದಾರರ ಪಟ್ಟಿಯನ್ನು ತೆರೆಯುವುದು ‘ಎ’ ಎಂದು. ಪರಿಹಾರಧನದ ಪಟ್ಟಿಯನ್ನು ತೆರೆಯುವುದು ‘ಡಬ್ಲ್ಯೂ’ ಎಂದು. ಮಧ್ಯಾಹ್ನ ಒಂದರಿಂದ ಎರಡರ ನಡುವೆ ಹೋದರೆ ‘ಎಕ್ಸ್’.

ಮತಪಟ್ಟಿಯ ‘ಎ’ಗೆ ಉದುಮ ಸಾಕ್ಷಿ. 2021ರ ಮಾರ್ಚಿನಲ್ಲಿ, ಚುನಾವಣೆಗೆ ಮೂರು ವಾರ ಇರುವಾಗ, ಆಗಿನ ವಿರೋಧಪಕ್ಷದ ನಾಯಕ ರಮೇಶ್ ಚೆನ್ನಿತ್ತಲ ಒಂದು ಕಾಗದ ಹಿಡಿದುಕೊಂಡು ಪತ್ರಕರ್ತರ ಮುಂದೆ ಕೂತರು. ನಮ್ಮ ಕಾಸರಗೋಡು ಜಿಲ್ಲೆಯ ಉದುಮ ಕ್ಷೇತ್ರದಲ್ಲಿ ಒಬ್ಬ ಮಹಿಳೆಯ ಹೆಸರು ಪಟ್ಟಿಯಲ್ಲಿ ಐದು ಸಲ, ಐದು ಗುರುತಿನ ಚೀಟಿ. ಮುಖ್ಯ ಚುನಾವಣಾಧಿಕಾರಿ ಟೀಕಾರಾಂ ಮೀಣ ವಿಚಾರಿಸಿ ಹೌದೆಂದರು. ಆಯಮ್ಮನ ಕೈಬೆರಳು ಐದಿದ್ದರೂ ಶಾಯಿ ಹಾಕುವುದು ಒಂದಕ್ಕೇ ಅಲ್ಲವೇ ಎಂಬ ಸಾಮಾನ್ಯಜ್ಞಾನ ಆ ಹೊತ್ತಿಗೆ ಯಾರಿಗೂ ಬೇಡವಾಗಿತ್ತು. ಅರ್ಜಿ ಕೊಟ್ಟವರು ಒಬ್ಬರು, ಬರೆದುಕೊಂಡವರು ಇನ್ನೊಬ್ಬರು, ಚೀಟಿ ಅಚ್ಚು ಹಾಕಿಸಿದವರು ಮತ್ತೊಬ್ಬರು. ಐದು ಸಲವೂ ಒಬ್ಬರಾದರೂ ಮೊದಲು ಕಡತ ಓದಲಿಲ್ಲ.

ಉದುಮದ ಐದರಿಂದ ಹಿಡಿದು ರಾಜ್ಯದ ಲೆಕ್ಕಕ್ಕೆ ಬರುವ ಹೊತ್ತಿಗೆ ಚೆನ್ನಿತ್ತಲರ ಸಂಖ್ಯೆ 4.34 ಲಕ್ಷ ಆಗಿತ್ತು. ಚುನಾವಣಾ ಆಯೋಗ ತಾನೂ ಎಣಿಸಿ ಹೈಕೋರ್ಟಿಗೆ ಹೇಳಿದ್ದು 38,586. ಒಂದೇ ಪಟ್ಟಿ, ಒಂದೇ ಕಾಲ, ಇಬ್ಬರು ಎಣಿಸಿದಾಗ ನಡುವಿನ ಅಂತರ ನಾಲ್ಕು ಲಕ್ಷದ ಹತ್ತಿರ! ಎರಡು ಸಲ ಇರುವವರನ್ನು ಹುಡುಕುವ ಲೆಕ್ಕವನ್ನೇ ಎರಡು ಸಲ ಮಾಡಿದ ಮೇಲೂ ಹೀಗೆ. ಕಾರಣ ಇಲ್ಲದಿಲ್ಲ. ಕಾಂಗ್ರೆಸ್ಸಿನವರು ತಮ್ಮ ಪಟ್ಟಿಗೆ ‘ಆಪರೇಶನ್ ಟ್ವಿನ್ಸ್’ ಎಂದು ಹೆಸರಿಟ್ಟು ಅಂತರ್ಜಾಲದಲ್ಲಿ ಹಾಕಿದರು. ಮುಖ ಒಂದೇ, ಮನೆ ಒಂದೇ ಎಂದು ಅದರಲ್ಲಿ ಸಿಕ್ಕಿಬಿದ್ದವರಲ್ಲಿ ಪಾಲಕ್ಕಾಡು ಜಿಲ್ಲೆ ಒಟ್ಟಪ್ಪಾಲದ ನಿಜವಾದ ಅವಳಿ ಅಣ್ಣತಮ್ಮಂದಿರೂ ಇದ್ದರು. ಅವಳಿಗಳನ್ನು ಹುಡುಕಲು ಹೋದವರಿಗೆ ಅವಳಿಗಳು ಸಿಕ್ಕಿದರೆ ಅದನ್ನು ವಿಫಲ ಎನ್ನುವುದು ಹೇಗೆ? ಮಾರ್ಚ್ 31ರಂದು ಹೈಕೋರ್ಟು, ಒಬ್ಬರು ಒಂದೇ ಓಟು ಹಾಕುವಂತೆ ನೋಡಿಕೊಳ್ಳಿ ಎಂದಿತು. ಸಂವಿಧಾನ ಬಂದು ಎಪ್ಪತ್ತೊಂದು ವರ್ಷದ ಮೇಲೆ ಬಂದ ಈ ಹೊಸ ವಿಚಾರಕ್ಕೆ ಎಲ್ಲ ಪಕ್ಷದವರೂ ಸಂತೋಷ ಸೂಚಿಸಿದರು. ಪಟ್ಟಿ ಶುದ್ಧವಿದ್ದರೂ ಮನುಷ್ಯ ಎರಡು ಸಲ ಒಳಗೆ ಹೋಗಬಲ್ಲ ಎಂಬುದು ಬೇರೆ ಶಾಖೆಯ ವಿದ್ಯೆ. 2019ರ ಲೋಕಸಭೆ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರಕ್ಕೆ ಸೇರುವ, ಆದರೆ ಕಣ್ಣೂರು ಜಿಲ್ಲೆಯಲ್ಲಿರುವ ಪಿಲಾತ್ತರದ ಬೂತಿನ ಕ್ಯಾಮೆರಾದಲ್ಲಿ ಅದು ಚಂದಕ್ಕೆ ದಾಖಲಾಗಿ, ಮೇ 19ರಂದು ಮರುಮತದಾನವೂ ಆಯಿತು.

ಒಂದೇ ಹೆಸರು ಹಲವು ಸಲ ಇರುವ ಮಾತು ಬಂದಾಗ ಅಳಿಯ ಹೇಳಿದ, “ಹೆಸರು ಒಂದೇ ಥರ ಬರೆದಿದ್ದರೆ ಪೈಥಾನ್ ಹಿಡಿಯುತ್ತದೆ ಮಾವ. ಬೇರೆ ಬೇರೆ ಬರೆದರೆ ಅದಕ್ಕೆ ಗೊತ್ತಾಗುವುದಿಲ್ಲ.”

ಅಲ್ಲಿಗೆ ಪೈಥಾನ್ ನಮ್ಮ ಗಡಿ ದಾಟಿ ಒಳಗೆ ಬಂದ ಹಾಗಾಯಿತು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೊಗಳುವುದು ಕ್ರಮ. ವಿಲೇಜ್ ಆಫೀಸಿನಲ್ಲಿ ಅದೇ ಸಂಗಮ ಹೇಗೆ ನಡೆಯುತ್ತದೆ ನೋಡಿ. ಐತ್ತಪ್ಪ ಎಂಬವ ಹುಟ್ಟಿದ್ದು ತುಳುವಿನಲ್ಲಿ, ಶಾಲೆಗೆ ಸೇರಿದ್ದು ಕನ್ನಡದಲ್ಲಿ. ಮಾಷ್ಟ್ರು ಐತಪ್ಪ ಎಂದು ಬರೆದರು. ಆಧಾರಿನವನು ಅದನ್ನು ಇಂಗ್ಲಿಷಿಗೆ ತಂದು ತಕಾರಕ್ಕೆ ಒಂದು ಎಚ್ ಸೇರಿಸಿದ. ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರ ತಂದಾಗ ಐಥಪ್ಪ ಆಯಿತು. ರೇಷನ್ ಕಾರ್ಡು ಮಲಯಾಳದ್ದು. ಅಲ್ಲಿ ಒಬ್ಬ ಸಹೃದಯ ಗುಮಾಸ್ತ ಇಷ್ಟು ಬೋಳು ಹೆಸರು ಚೆನ್ನಾಗಿಲ್ಲ ಎಂದು ಐತ್ತಪ್ಪನ್ ಮಾಡಿದ. ಮನೆಹೆಸರು ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ, ಇನ್ನೊಂದು ಕಡೆ ಬರೇ ಒಂದು ಇನಿಶಿಯಲ್ಲು. ಮನುಷ್ಯ ಒಬ್ಬ, ಪೈಥಾನಿನ ಸೆಟ್ಟಿಗೆ ನಾಲ್ವರು. ನಾಲ್ವರೂ ಬೇರೆ ಬೇರೆ ಎಂದು ಅದು ಬೇಕಾದರೆ ಪ್ರಮಾಣ ಮಾಡುತ್ತದೆ. ಅತ್ತ ಒಂದೇ ವಾರ್ಡಿನಲ್ಲಿ ಒಂದೇ ಹೆಸರು, ಒಂದೇ ತಂದೆ ಹೆಸರು ಇರುವ ಇಬ್ಬರು ಅಬ್ದುಲ್ ರಹಿಮಾನರು ಇದ್ದರೆ ಅದು ಒಬ್ಬನನ್ನು ಉಳಿಸಿ ಇನ್ನೊಬ್ಬನನ್ನು ಕೈಬಿಡುತ್ತದೆ, ಯಾರಿಗೂ ಹೇಳದೆ. ನಾರಾಯಣ ಭಟ್ಟರ ಗತಿಯೂ ಇದಕ್ಕಿಂತ ಒಳ್ಳೆಯದಲ್ಲ.

ಕಣ್ಣಿಗೆ ಕಾಣುವ ವ್ಯತ್ಯಾಸದ ಮಾತಾಯಿತು. ಕಾಣದ್ದೂ ಉಂಟಂತೆ. ‘ಕಾಸರಗೋಡು’ ಎಂಬ ನಮ್ಮ ಜಿಲ್ಲೆಯ ಹೆಸರನ್ನೇ ಕಂಪ್ಯೂಟರಿನೊಳಗೆ ಎರಡು ಬಗೆಯಲ್ಲಿ ಇಡಬಹುದು. ಗೋ ಎಂಬಲ್ಲಿಯ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಕಾಸರಗೋಡಿನ ಉದ್ದ 8, ಎರಡನೆಯದರಲ್ಲಿ 10. ಪರದೆಯ ಮೇಲೆ ಎರಡೂ ಒಂದೇ, ಪೈಥಾನಿಗೆ ಎರಡೂ ಬೇರೆ. ಅಂದರೆ 1984ರ ಮೇ 24ರಂದು ಹುಟ್ಟಿದ ಈ ಜಿಲ್ಲೆ ಯಾರಿಗೂ ತಿಳಿಯದಂತೆ ಎರಡಾಗಿ ಕೂತಿದೆ. ಎರಡರಲ್ಲಿ ಒಂದಕ್ಕೂ ಒಂದು ಸರಕಾರಿ ಮೆಡಿಕಲ್ ಕಾಲೇಜನ್ನು ಹೊತ್ತಿಗೆ ಸರಿಯಾಗಿ ಪೂರ್ತಿ ಮಾಡಿ ಕೊಡಲು ಸರಕಾರಕ್ಕೆ ಆಗಲಿಲ್ಲ.

ಇದಕ್ಕೆ ಮದ್ದುಂಟು. ಹೋಲಿಸುವ ಮೊದಲು ‘ನಾರ್ಮಲೈಸ್’ ಮಾಡಬೇಕು, ಎಂದರೆ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಎನ್‌ಎಫ್‌ಸಿ ಎಂದು ಆ ರೂಪದ ಹೆಸರು. ಕನ್ನಡದ ಓಕಾರ ಅದರಿಂದ ವಾಸಿಯಾಗುತ್ತದೆ. ಮಲಯಾಳದ ಕಾಯಿಲೆ ಅಷ್ಟಕ್ಕೆ ಬಗ್ಗುವುದಿಲ್ಲ. ಐತ್ತಪ್ಪನ್, ಕೃಷ್ಣನ್, ಸುರೇಂದ್ರನ್ ಎಂಬಲ್ಲಿ ಕೊನೆಗೆ ಬರುವ ಅರೆ ನಕಾರಕ್ಕೆ ಮಲಯಾಳದಲ್ಲಿ ಚಿಲ್ಲು ಎನ್ನುತ್ತಾರೆ. 2008ರ ತನಕ ಅದನ್ನು ಯೂನಿಕೋಡಿನಲ್ಲಿ ನಕಾರ, ಚಂದ್ರಕ್ಕಲ, ಕಣ್ಣಿಗೆ ಕಾಣದ ಒಂದು ಜೋಡಕ ಎಂದು ಮೂರು ಸಂಕೇತದಲ್ಲಿ ಬರೆಯುತ್ತಿದ್ದರು. ಆ ವರ್ಷ 5.1ನೇ ಆವೃತ್ತಿಯಲ್ಲಿ ಚಿಲ್ಲಿಗೆ ಸ್ವಂತ ಜಾಗ ಸಿಕ್ಕಿತು. ಹಳೆಯದೂ ಹೊಸದೂ ಒಂದೇ ಎಂದು ಮಾತ್ರ ಯೂನಿಕೋಡ್ ಒಪ್ಪಿಲ್ಲ. ಹಾಗಾಗಿ ಹಳೆಯ ಕೀಲಿಮಣೆಯ ಕೃಷ್ಣನ್ ಬೇರೆ, ಹೊಸ ಕೀಲಿಮಣೆಯ ಕೃಷ್ಣನ್ ಬೇರೆ, ನಾರ್ಮಲೈಸ್ ಮಾಡಿದ ಮೇಲೂ. ಕಣ್ಣಿಗೆ ಕಾಣದ ಗುರುತುಗಳು ಕನ್ನಡಕ್ಕೂ ಹೊಸತಲ್ಲ. ನಮ್ಮ ರಾಜ್‌ಕುಮಾರನ ನಡುವೆ ಅಂಥದೊಂದು ಉಂಟೋ ಇಲ್ಲವೋ ಎಂಬುದರ ಮೇಲೆ ಅವನು ಒಬ್ಬನೋ ಇಬ್ಬರೋ ಎಂಬುದು ತೀರ್ಮಾನವಾಗುತ್ತದೆ. ಸಾಲಿನ ಕೊನೆಗೆ ಗೆರೆ ಮುರಿಯುವ ಗುರುತು ಅಂಟಿಕೊಂಡಿರುತ್ತದೆ, ಅದನ್ನು ‘ಸ್ಟ್ರಿಪ್’ ಮಾಡಿ ಒರಸದಿದ್ದರೆ ಕಡತದಿಂದ ಓದಿದ ಹೆಸರು ಯಾವ ಹೆಸರಿಗೂ ಹೊಂದುವುದಿಲ್ಲ. ನಾಲ್ಕು ಗೆರೆಯ ಕೆಲಸ ಎಂದು ಶುರುಮಾಡಿದ ಅಳಿಯ ಇಷ್ಟನ್ನು ವಿವರಿಸುವಾಗ ಚಹಾ ತಣಿದು ಕೆನೆ ಕಟ್ಟಿತ್ತು.

ಊರ ಹೆಸರುಗಳ ವಿಷಯ ಎತ್ತದಿದ್ದರೆ ಕಾಸರಗೋಡಿನವನು ಎಂದು ನನ್ನನ್ನು ಯಾರು ನಂಬುತ್ತಾರೆ? 2021ರ ಜೂನಿನಲ್ಲಿ ಕೇರಳ ಸರಕಾರ ಇಲ್ಲಿಯ ಕನ್ನಡ ಊರುಗಳ ಹೆಸರು ಬದಲಾಯಿಸುತ್ತದೆ ಎಂಬ ಸುದ್ದಿ ಹಬ್ಬಿತು. ಬೆಂಗಳೂರಿನಿಂದ ಯಡಿಯೂರಪ್ಪ, ಕುಮಾರಸ್ವಾಮಿ ಎಲ್ಲ ಎಚ್ಚೆತ್ತರು. ಅಂಥ ತೀರ್ಮಾನವೇ ಇಲ್ಲ ಎಂದು ತಿರುವನಂತಪುರ ಹೇಳಿತು. ಇಬ್ಬರೂ ಸರಿ ಎಂದು ನನ್ನ ಅಭಿಪ್ರಾಯ. ಸರಕಾರ ಹೆಸರು ಬದಲಾಯಿಸಲಿಲ್ಲ, ಬದಲಾಯಿಸುವ ಅಗತ್ಯವೇ ಇರಲಿಲ್ಲ. ‘ಎ’ ಎಂದು ತೆರೆದ ಕಡತದಲ್ಲಿ ಹಳೆಯದನ್ನು ಅಳಿಸುವುದಿಲ್ಲ, ಬಾಲಕ್ಕೆ ಹೊಸದು ಸೇರಿಸುತ್ತಾರೆ. ಮಧೂರು ಇತ್ತು, ಮಧೂರ್ ಸೇರಿತು. ಕುಂಬಳೆ ಇತ್ತು, ಕುಂಬ್ಳ ಸೇರಿತು. ಮಂಜೇಶ್ವರ ಇತ್ತು, ಮಂಜೇಶ್ವರಂ ಸೇರಿತು. ಕಾರಡ್ಕ ಕಾಡಗಂ ಆಗಿ, ಬೇಡಡ್ಕ ಬೇಡಗಂ ಆಗಿ ಇನ್ನೊಂದು ಬೋರ್ಡಿನಲ್ಲಿ ಹುಟ್ಟಿತು. ಹೊಸದುರ್ಗ ತಾಲೂಕಿನ ಹೆಸರಾಗಿ ಇಂಗ್ಲಿಷಿನಲ್ಲಿ ಉಳಿದು, ಪೇಟೆ ಕಾಞಂಗಾಡ್ ಆಯಿತು. ಯಾವುದನ್ನೂ ಅಳಿಸದ ಕಾರಣ ಯಾರ ಮೇಲೂ ತಪ್ಪಿಲ್ಲ. ಅಳಿಸುವ ಕೆಲಸವನ್ನು ಮಳೆಗಾಲ ಮಾಡುತ್ತದೆ: ಹಳೆಯ ಬೋರ್ಡಿನ ಬಣ್ಣ ಹೋಗುತ್ತದೆ, ಹೊಸದಕ್ಕೆ ಮಾತ್ರ ಪೈಂಟ್ ಸಿಗುತ್ತದೆ.

ಈ ಕಡತಗಳ ಜಾತ್ರೆಗೆ ಎರಡು ದೇವಸ್ವಂ ಬೋರ್ಡು ಇರುವುದನ್ನು ಹೊರಗಿನವರು ನಂಬುವುದಿಲ್ಲ. ವಿಧಾನಸಭೆ, ಲೋಕಸಭೆಯ ಮತಪಟ್ಟಿ ಕೇಂದ್ರ ಚುನಾವಣಾ ಆಯೋಗದ್ದು. ಪಂಚಾಯತು, ನಗರಸಭೆಯ ಮತಪಟ್ಟಿ ಕೇರಳ ರಾಜ್ಯ ಚುನಾವಣಾ ಆಯೋಗದ್ದು. ಒಂದಕ್ಕೊಂದು ಸಂಬಂಧವಿಲ್ಲ. ಒಂದರಲ್ಲಿ ಇದ್ದೇನೆ ಎಂದು ಇನ್ನೊಂದರ ಬೂತಿಗೆ ಹೋದವನು ತಾನು ಇಲ್ಲವೆಂದು ತಿಳಿದು ವಾಪಸು ಬರುತ್ತಾನೆ. ಎಂದರೆ ನಾವೆಲ್ಲರೂ ಕಾನೂನು ಪ್ರಕಾರವೇ ಎರಡೆರಡು ಸಲ ಇರುವವರು. ಉದುಮದವರ ಐದಕ್ಕೆ ಹೋಲಿಸಿದರೆ ಬಡವರು ಅಷ್ಟೆ. 2025ರ ಕೊನೆಗೆ ಈ ಎರಡು ಆಯೋಗಗಳ ಮುಹೂರ್ತವೂ ಒಂದೇ ಸಲ ಕೂಡಿ ಬಂತು. ನವೆಂಬರ್ 4ರಿಂದ ಕೇಂದ್ರದವರ ಎಸ್‌ಐಆರ್ ಎಂಬ ವಿಶೇಷ ತೀವ್ರ ಪರಿಷ್ಕರಣೆ, ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಪಂಚಾಯತು ಓಟು. ಒಂದೇ ಅಂಗಳಕ್ಕೆ ಬೆಳಿಗ್ಗೆ ಬಿಎಲ್‌ಒ ಎಂಬ ಬೂತ್ ಮಟ್ಟದ ಅಧಿಕಾರಿ ಬಂದು ನೀವು ಯಾರು ಎಂದು ಕೇಳುವುದು, ಸಂಜೆ ಅಭ್ಯರ್ಥಿ ಬಂದು ನೀವು ನಮ್ಮವರೇ ಎನ್ನುವುದು. ಬೆಳಗಿನ ಪ್ರಶ್ನೆಗೆ 2002ರ ಪಟ್ಟಿಯಲ್ಲಿ ಉತ್ತರ ಹುಡುಕಬೇಕಿತ್ತು. ಅದರಲ್ಲಿ ನನ್ನ ಹೆಸರಿಲ್ಲದಿದ್ದರೆ ಅಪ್ಪನದು, ಅಪ್ಪನದೂ ಇಲ್ಲದಿದ್ದರೆ ಅಜ್ಜನದು. ಅಜ್ಜನ ಹೆಸರನ್ನು ಆ ಕಾಲದ ಗುಮಾಸ್ತ ಯಾವ ಲಿಪಿಯಲ್ಲಿ ಹೇಗೆ ಬರೆದಿದ್ದನೋ ಅದರ ಮೇಲೆ ಮೊಮ್ಮಗನ ಪೌರತ್ವದ ನೆಮ್ಮದಿ.

ಬಿಎಲ್‌ಒಗಳನ್ನು ನಾನು ಗೇಲಿ ಮಾಡಲಾರೆ. ಅವರಲ್ಲಿ ಅಂಗನವಾಡಿ ಟೀಚರುಗಳು, ಗುಮಾಸ್ತರು, ಪ್ಯೂನುಗಳು ಇದ್ದಾರೆ. ಇಡೀ ದೇಶದ ಕಂಪ್ಯೂಟರು ಮಾಡಿಟ್ಟ ಗೊಂದಲವನ್ನು ಗುಡ್ಡೆ ಹತ್ತಿ ಇಳಿದು ಕಾಲಲ್ಲಿ ಬಿಡಿಸಿದವರು ಅವರೇ. ಆ ನವೆಂಬರಿನಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದ ಪಯ್ಯನ್ನೂರಿನಲ್ಲಿ ಒಬ್ಬ ಬಿಎಲ್‌ಒ ಜೀವ ಕಳೆದುಕೊಂಡರು. ಕೆಲಸದ ಒತ್ತಡ ಎಂದು ಮನೆಯವರು ಹೇಳಿದರು, ಮರುದಿನ ರಾಜ್ಯದ ಬಿಎಲ್‌ಒಗಳು ಕೆಲಸ ನಿಲ್ಲಿಸಿದರು. ಡಿಸೆಂಬರ್ 23ಕ್ಕೆ ಕರಡು ಪಟ್ಟಿ ಬಂತು, 24 ಲಕ್ಷಕ್ಕೂ ಹೆಚ್ಚು ಹೆಸರು ಅದರಲ್ಲಿ ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಸಿಗದವರು, ಎರಡು ಕಡೆ ಇದ್ದವರು ಎಂದು ಅದಕ್ಕೆ ವಿಂಗಡಣೆ ಉಂಟು. ‘ಸಿಗದವರು’ ಎಂಬ ವರ್ಗ ನನಗೆ ಬಹಳ ಹಿಡಿಸಿತು. ಗೆದ್ದ ಮೇಲೆ ಶಾಸಕರನ್ನೂ ಅದರಲ್ಲಿ ಹಾಕಬಹುದು.

ಅಳಿಸುವ ವಿದ್ಯೆ ಸೇರಿಸುವ ವಿದ್ಯೆಗಿಂತ ಸುಲಭ ಎಂಬುದನ್ನು ಕಲಬುರಗಿ ಜಿಲ್ಲೆಯ ಆಳಂದ ತೋರಿಸಿಕೊಟ್ಟಿದೆ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ವಿಚಾರಿಸಿದಾಗ ಸರಿ ಇದ್ದದ್ದು 24. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಗೊತ್ತಿಲ್ಲ, ಯಾರ ಹೆಸರು ತೆಗೆಯಬೇಕೆಂದಿತ್ತೋ ಅವರಿಗೂ ಗೊತ್ತಿಲ್ಲ. ಪುಣ್ಯಕ್ಕೆ ಅಲ್ಲಿ ಯಾರೋ ಕಡತ ಓದಿದರು. ಪೊಲೀಸ್ ದೂರಾಯಿತು, 2025ರಲ್ಲಿ ಎಸ್‌ಐಟಿ ಬಂತು. ನಮ್ಮ ಐತ್ತಪ್ಪನಾದರೂ ನಾಲ್ಕು ಸಲ ಇರುವ ಕಾರಣ ಒಂದು ಹೋದರೂ ಮೂರು ಉಳಿಯುತ್ತದೆ. ಸುರಕ್ಷತೆಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಎಂಜಿನಿಯರೂ ಕಂಡುಹಿಡಿದಿಲ್ಲ. ಬ್ಯಾಕಪ್ ಎಂದು ಅವರು ದುಡ್ಡು ತೆಗೆದುಕೊಂಡು ಮಾಡಿಕೊಡುವುದೂ ಇದನ್ನೇ.

ಇಷ್ಟು ತನಕ ಓಟಿನ ಪಟ್ಟಿ. ಇನ್ನೊಂದು ಪಟ್ಟಿ ಉಂಟು, ಅದರ ಬಗ್ಗೆ ನಗುವುದು ಕಷ್ಟ.

ನಮ್ಮ ಜಿಲ್ಲೆಯ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಸುಮಾರು ಎರಡು ದಶಕ, 2000ದವರೆಗೆ. ವರ್ಷಕ್ಕೆ ಎರಡು ಮೂರು ಸಲ, ಅದೇ ಗುಡ್ಡೆ, ಅದೇ ತೋಡು, ಅದೇ ಸುರಂಗದ ನೀರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಹೀಗೆ ಪಂಚಾಯತಿನ ಮೇಲೆ ಪಂಚಾಯತು. ಮೊದಲೇ ಬಿದ್ದಿದ್ದರೆ ಇನ್ನು ಬೇಡ ಎಂಬ ನಿಯಮ ಆ ಹೆಲಿಕಾಪ್ಟರಿಗೆ ಇರಲಿಲ್ಲ. ವಿಷ ಸುರಿಯುವಾಗ ಕಡತವನ್ನು ‘ಎ’ ಎಂದು ತೆರೆದಿದ್ದರು. ಪಡ್ರೆ ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳನ್ನು ಕಂಡು ಇದೇನೋ ಸರಿಯಿಲ್ಲ ಎಂದು ಬರೆಯತೊಡಗಿದಾಗ, ಶ್ರೀಪಡ್ರೆಯವರು ಪತ್ರಿಕೆಗಳಲ್ಲಿ ಎಚ್ಚರಿಸಿದಾಗ, ಅದನ್ನು ದಾಖಲಿಸಿಕೊಳ್ಳುವ ಕಡತ ಮಾತ್ರ ‘ಎಕ್ಸ್’ ಆಗಿತ್ತು.

2017ರ ಜನವರಿ 10ರಂದು ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದಿತು. ಮೂರು ತಿಂಗಳು ಎಂಬುದನ್ನು ಯಾವ ಪಂಚಾಂಗದಲ್ಲಿ ಎಣಿಸಿದರೋ, ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರೆಂದರೆ, ಕೋರ್ಟಿನ ಬಾಗಿಲು ಬಡಿದವರು. ಇಲ್ಲಿ ಸರಕಾರದ ಪ್ರೋಗ್ರಾಮು ಹೆಸರನ್ನು ನೋಡುವುದಿಲ್ಲ, ಊರನ್ನು ನೋಡುವುದಿಲ್ಲ, ಕಾಯಿಲೆಯನ್ನೂ ನೋಡುವುದಿಲ್ಲ. ವಕೀಲರ ವಕಾಲತ್ತು ಉಂಟೋ ಎಂದು ಮಾತ್ರ ನೋಡುತ್ತದೆ.

ಪಟ್ಟಿ ಮಾಡುವ ಶಿಬಿರದ ಲೆಕ್ಕ ಇನ್ನೂ ಚಂದ. 2017ರ ವೈದ್ಯಕೀಯ ಶಿಬಿರದಲ್ಲಿ 1,905 ಮಂದಿಯನ್ನು ಗುರುತಿಸಿದರು. ಅಂತಿಮ ಪಟ್ಟಿ ಬರುವಾಗ ಅದು 287 ಆಗಿತ್ತು. ಅನರ್ಹರು ನುಸುಳಬಾರದಲ್ಲ! ಗಲಾಟೆ ಆದಾಗ 76 ಸೇರಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದಲ್ಲಿ ಕೂತಾಗ 511 ಸೇರಿತು. ಉಳಿದವರು 1,031. ಎಷ್ಟು ಶುದ್ಧವಾದ ಸೆಟ್ ನೋಡಿ! ಮತಪಟ್ಟಿಯಲ್ಲಿ ಒಬ್ಬರನ್ನು ಐದು ಸಲ ಕಂಡರೂ ಕಾಣದ ಅದೇ ಕಂದಾಯ ಇಲಾಖೆಯ ಕಣ್ಣು ಇಲ್ಲಿ ಸೂಕ್ಷ್ಮದರ್ಶಕ. ಆಸ್ಪತ್ರೆ ಚೀಟಿಯಲ್ಲಿ ಐತಪ್ಪ, ರೇಷನ್ ಕಾರ್ಡಿನಲ್ಲಿ ಐತ್ತಪ್ಪನ್ ಎಂದಿದ್ದರೆ ಓಟು ಹಾಕುವಾಗ ಇಬ್ಬರು, ಪರಿಹಾರ ಕೇಳುವಾಗ ಇಬ್ಬರಲ್ಲಿ ಒಬ್ಬನೂ ಅಲ್ಲ. ಒಂದಕ್ಕೆ ಒಂದು ಸೇರಿ ಶೂನ್ಯವಾಗುವುದು ಪೈಥಾನಿಗೆ ಬಾರದ ಗಣಿತ.

ಅಳಿಯನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಪರದೆ ನೋಡಿದ. “ಪೈಥಾನಿನಲ್ಲಿ ‘ನ್ಯಾನ್’ ಎಂದು ಒಂದುಂಟು ಮಾವ. ಸಂಖ್ಯೆಯೇ ಅಲ್ಲದ ಬೆಲೆ. ಅದನ್ನು ಅದಕ್ಕೇ ಹೋಲಿಸಿದರೂ ಸಮ ಅಲ್ಲ ಎನ್ನುತ್ತದೆ.” ನಾನೇ ನಾನು ಎಂದು ಹೇಳಿದರೆ ಅಲ್ಲ ಎನ್ನುವ ಕೌಂಟರು ನಮ್ಮ ತಾಲೂಕಾಫೀಸಿನಲ್ಲಿ ಮಾತ್ರ ಇರುವುದೆಂದು ನಾನು ತಿಳಿದುಕೊಂಡಿದ್ದೆ. ಇನ್ನೊಂದನ್ನೂ ತೋರಿಸಿದ: ಸೆಟ್ಟಿಗೆ ‘ಒಂದು’ ಎಂಬ ಸಂಖ್ಯೆಯನ್ನೂ ‘ಸತ್ಯ’ ಎಂಬ ಬೆಲೆಯನ್ನೂ ಹಾಕಿದರೆ ಎರಡೂ ಒಂದೇ ಎಂದು ತಿಳಿದು ಮೊದಲು ಬಂದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದಂತೆ. ಸಂಖ್ಯೆ ಮೊದಲು ಬಂದರೆ ಸತ್ಯಕ್ಕೆ ಜಾಗವಿಲ್ಲ. ಪೈಥಾನನ್ನು ಮಾಡಿದವರು ಡಚ್ಚರಂತೆ, ಗೀಡೋ ವಾನ್ ರೋಸಮ್ ಎಂದು ಹೆಸರು, 1991ರಲ್ಲಿ ಹೊರಗೆ ಬಿಟ್ಟದ್ದಂತೆ. ಅವರು ಒಮ್ಮೆ ಕಾಸರಗೋಡಿಗೆ ಬಂದು ಹೋಗಿದ್ದಾರೋ ಎಂದು ನನಗೆ ಈಗಲೂ ಅನುಮಾನ.

ಆ 1,031 ಮಂದಿಯ ಪರವಾಗಿ 2024ರಲ್ಲಿ ಕಾಞಂಗಾಡಿನಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯುತ್ತಿದ್ದಾಗಲೇ ನಾನೊಂದು ಉಪಾಯ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಪಟ್ಟಿಯನ್ನು ಆಫೀಸಿನವರ ಕೈಯಿಂದ ಬಿಡಿಸಿ, ಚುನಾವಣೆಗೆ ತಿಂಗಳಿರುವಾಗ ಮೂರೂ ಪಕ್ಷಗಳ ಬೂತ್ ಏಜಂಟರ ಕೈಗೆ ಕೊಡಿ. ವೈದ್ಯಕೀಯ ಶಿಬಿರ ಬೇಡ, ಮರುಪರಿಶೀಲನೆ ಬೇಡ, ಸುಪ್ರೀಂ ಕೋರ್ಟೂ ಬೇಡ. ನಾಮಪತ್ರ ಹಿಂತೆಗೆಯುವ ದಿನದೊಳಗೆ 1,031 ಎಂಬುದು ಐದು ಸಾವಿರ ಆಗದಿದ್ದರೆ ಬಂದು ನನ್ನಲ್ಲಿ ಕೇಳಿ.